ಕಣಗಾಲ್ ಸಹೋದರರು: ಮಾತು ಮತ್ತು ದೃಶ್ಯ

ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಗ್ರಾಮವು ಕನ್ನಡ ಚಲನಚಿತ್ರಕ್ಕೆ ಇಬ್ಬರು ಸಹೋದರರನ್ನು ಕೊಟ್ಟಿದೆ. ಗೀತಗಳನ್ನೂ ಸಂಭಾಷಣೆಗಳನ್ನೂ ರಚಿಸಿದ ಪ್ರಭಾಕರ ಶಾಸ್ತ್ರಿಗಳು ಒಬ್ಬರು, ನಿರ್ದೇಶಕ ಎಸ್. ಆರ್. ಪುಟ್ಟಣ್ಣನವರು (1933–1985) ಮತ್ತೊಬ್ಬರು. ಪುಟ್ಟಣ್ಣನವರ ಕೀರ್ತಿಯ ಮರೆಯಲ್ಲಿ ಶಾಸ್ತ್ರಿಗಳನ್ನು ಮರೆಯುವುದು ವಾಡಿಕೆಯಾಗಿದೆ. ಈ ಮರೆವಿನಿಂದ ಪುಟ್ಟಣ್ಣನವರ ಕೃತಿಗಳ ವಿಮರ್ಶೆಗೂ ಹಾನಿಯಾಗಿದೆಯೆಂಬುದು ಪ್ರಕೃತ ಲೇಖನದ ವಾದ.

ಪುಟ್ಟಣ್ಣನವರನ್ನು ದೃಶ್ಯಕವಿಯೆಂದು ಹೊಗಳುವವರುಂಟು. ಹೊಗಳಿಕೆ ಸುಳ್ಳಲ್ಲ, ಆದರೆ ಅದು ಅರ್ಧಸತ್ಯ. ಬಿ. ಆರ್. ಪಂತುಲು ಅವರ ಬಳಿ ಪಳಗಿದ ಅವರು ಕನ್ನಡದಲ್ಲಿ ಮೊದಲು ನಿರ್ದೇಶಿಸಿದ ‘ಬೆಳ್ಳಿಮೋಡ’ (1967) ತ್ರಿವೇಣಿಯವರ ಕಾದಂಬರಿಯನ್ನು ಆಶ್ರಯಿಸಿತು. ‘ಗೆಜ್ಜೆಪೂಜೆ’ (1969) ಎಂ. ಕೆ. ಇಂದಿರಾ ಅವರದನ್ನು, ‘ಎಡಕಲ್ಲು ಗುಡ್ಡದ ಮೇಲೆ’ (1973) ಭಾರತೀಸುತರದನ್ನು. ಬರೆದ ಮಾತಿನಲ್ಲಿ ವಿಶ್ವಾಸವಿಲ್ಲದ ನಿರ್ದೇಶಕನು ಹೀಗೆ ಮತ್ತೆ ಮತ್ತೆ ಕಾದಂಬರಿಯ ಬಾಗಿಲಿಗೆ ಹೋಗಲಾರನು.

ಇದಕ್ಕೆ ‘ಶರಪಂಜರ’ವೇ (1971) ಉತ್ತಮ ನಿದರ್ಶನ. ಅದರ ಗೀತರಚನಕಾರರಲ್ಲಿ ಶಾಸ್ತ್ರಿಗಳೂ ಒಬ್ಬರು. ಕಾವೇರಿಯು ಗುಣಹೊಂದಿ ಮನೆಗೆ ಮರಳುತ್ತಾಳೆ. ಸುತ್ತಲಿನವರ ಸಂಶಯ ಮಾತ್ರ ಗುಣವಾಗುವುದಿಲ್ಲ. ಅವಳನ್ನು ಇರಿಯುವ ಬಾಣಗಳು ಜನರ ಮಾತುಗಳೇ. ಅವಳ ಮಾತನ್ನು ಯಾರೂ ನಂಬದಿರುವಾಗ ಅವಳ ಅಳಲಿಗೆ ಗೀತವು ದನಿಯಾಗುತ್ತದೆ. ಇಲ್ಲಿ ಗೀತ ಕಥೆಗೆ ತೊಡಿಸಿದ ಒಡವೆಯಲ್ಲ, ಕಥೆಯ ಅಂಗ.

ಇದೇ ಗುಣ ಕೆಲವೆಡೆ ದೋಷವೂ ಆಗಿದೆ. ನಟಿಯ ಮುಖ ಹೇಳಿ ಮುಗಿಸಿದ್ದನ್ನು ಸಂಭಾಷಣೆ ಪುನಃ ಹೇಳುವ ಸಂದರ್ಭಗಳು ಪುಟ್ಟಣ್ಣನವರಲ್ಲಿ ವಿರಳವಲ್ಲ. ಅಲ್ಲಿ ಮಾತು ದೃಶ್ಯವನ್ನು ಬೆಳಗಿಸದೆ ಅದರ ಮೇಲೆ ಹೊರೆಯಾಗುತ್ತದೆ.

ಗುಣದೋಷಗಳೆಲ್ಲವನ್ನೂ ಸಹೋದರರಿಬ್ಬರಿಗೇ ಹಂಚುವುದೂ ಸಲ್ಲದು. ಗೀತಗಳಲ್ಲಿ ವಿಜಯನಾರಸಿಂಹ, ಸಂಗೀತದಲ್ಲಿ ವಿಜಯಭಾಸ್ಕರ್, ಅಭಿನಯದಲ್ಲಿ ಕಲ್ಪನಾ ಇವರ ಪಾಲು ಹಿರಿದು. ಪುಟ್ಟಣ್ಣನವರ ಹೆಸರಿನಲ್ಲಿ ಕರ್ನಾಟಕ ಸರ್ಕಾರವು ಪ್ರಶಸ್ತಿ ನೀಡುತ್ತಿರುವುದು ಉಚಿತವೇ. ಆದರೆ ಅರಸರ ಹೆಸರಿನಲ್ಲೇ ಚರಿತ್ರೆಯನ್ನು ಬರೆಯುವ ಹಳೆಯ ಕ್ರಮವನ್ನು ತರಗತಿಗಳಲ್ಲಿ ಖಂಡಿಸುವ ನಾವು, ಚಲನಚಿತ್ರದ ವಿಷಯದಲ್ಲಿ ಅದನ್ನೇ ಅನುಸರಿಸುತ್ತಿದ್ದೇವೆ. ಪ್ರಭಾಕರ ಶಾಸ್ತ್ರಿಗಳ ಗೀತ ಸಂಭಾಷಣೆಗಳನ್ನು ಚಿತ್ರಚಿತ್ರವಾಗಿ ಸಂಗ್ರಹಿಸಿ, ಪುಟ್ಟಣ್ಣನವರ ದೃಶ್ಯಗಳೊಡನೆ ಇಟ್ಟು ಪರಿಶೀಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳಬೇಕು. ಅದಾಗುವವರೆಗೆ ಪುಟ್ಟಣ್ಣನವರನ್ನು ಕುರಿತ ನಮ್ಮ ತೀರ್ಮಾನವೂ ಅಪೂರ್ಣವೇ.