ತಾತ್ವಿಕ ಕಥೆಯನ್ನು ಸವಿಯುವ ಬಗೆ

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಪುಸ್ತಕ ಅಚ್ಚಾಗಲು ಅರಸನ ಸೆನ್ಸಾರರ ಒಪ್ಪಿಗೆ ಬೇಕಿತ್ತು. ವಿವೇಕ, ಹಕ್ಕು, ಆಡಳಿತಗಳ ಬಗ್ಗೆ ಜ್ಞಾನೋದಯ ಯುಗದ ಚಿಂತಕರು ಹೂಡಿದ ವಾದ ಎಷ್ಟೋ ಸಲ ಕಥೆಯ ವೇಷ ತೊಟ್ಟದ್ದಕ್ಕೆ ಅದೂ ಒಂದು ಕಾರಣ. ಬಾಸ್ಟೀಲ್ ಸೆರೆಮನೆಯ ರುಚಿ ಕಂಡಿದ್ದ ವಾಲ್ಟೇರ್ 1759ರಲ್ಲಿ 'ಕಾಂದೀದ್' ಪ್ರಕಟಿಸಿದಾಗ ತನ್ನ ಹೆಸರು ಹಾಕಲಿಲ್ಲ. ಯಾರೋ ಡಾಕ್ಟರ್ ರಾಲ್ಫ್ ಜರ್ಮನ್ ಭಾಷೆಯಲ್ಲಿ ಬರೆದದ್ದರ ಅನುವಾದವೆಂದು ಸಾಗಹಾಕಿದ.

ತಾತ್ವಿಕ ಕಥೆಯೆಂಬ ಈ ಪ್ರಕಾರಕ್ಕೆ ಹೊಸಬರಾದವರು ಮೊದಲು ನೋಡಬೇಕಾದದ್ದು ಮಾತಾಡುತ್ತಿರುವವರು ಯಾರೆಂಬುದನ್ನು. ಮಾಂಟೆಸ್ಕ್ಯೂನ 'ಪರ್ಷಿಯನ್ ಪತ್ರಗಳು' (1721) ಕೃತಿಯಲ್ಲಿ ಪ್ಯಾರಿಸಿಗೆ ಬಂದ ಪರ್ಷಿಯನ್ನರಿಬ್ಬರು ಊರಿಗೆ ಕಾಗದ ಬರೆಯುತ್ತಾರೆ. ಅವರಲ್ಲಿ ರಿಕಾ ಫ್ರಾನ್ಸಿನ ದೊರೆಯನ್ನು ದೊಡ್ಡ ಮಾಂತ್ರಿಕನೆನ್ನುತ್ತಾನೆ: ಬೊಕ್ಕಸದಲ್ಲಿ ಹಣ ಸಾಲದಿದ್ದರೆ ಒಂದು ನಾಣ್ಯಕ್ಕೆ ಎರಡರ ಬೆಲೆಯಿದೆಯೆಂದು ಪ್ರಜೆಗಳನ್ನು ನಂಬಿಸಬಲ್ಲನಂತೆ! ಅವನಿಗೆ ಇದು ಬೆರಗು, ಓದುಗನಿಗೆ ಟೀಕೆ. ಆದರೆ ಕೃತಿಯ ನಿಜವಾದ ಪೆಟ್ಟು ಬೇರೆ ಕಡೆಗಿದೆ. ಜೊತೆಗಾರ ಉಜ್ಬೆಕ್ ನ್ಯಾಯ, ಸ್ವಾತಂತ್ರ್ಯಗಳ ಬಗ್ಗೆ ಸೊಗಸಾಗಿ ಬರೆಯುತ್ತಲೇ ತನ್ನ ಅಂತಃಪುರವನ್ನು ಕಾವಲಿನ ಷಂಡರ ಮೂಲಕ ಭಯದಿಂದ ಆಳುತ್ತಾನೆ. ಕೊನೆಯ ಪತ್ರ ಅವನ ಹೆಂಡತಿ ರೊಕ್ಸಾನಾಳದು: ಅವಳು ವಿಷ ಕುಡಿದಿದ್ದಾಳೆ, ತಾನೆಂದೂ ಅವನ ಅಡಿಯಾಳಾಗಿರಲಿಲ್ಲವೆಂದು ತಿಳಿಸುತ್ತಿದ್ದಾಳೆ. ಭಯವೇ ನಿರಂಕುಶ ಪ್ರಭುತ್ವದ ಚಾಲಕಶಕ್ತಿಯೆಂದು ಮಾಂಟೆಸ್ಕ್ಯೂ ಶಾಸ್ತ್ರೀಯವಾಗಿ ವಾದಿಸಿದ್ದು 1748ರಲ್ಲಿ. ಕಥೆ ಅದನ್ನು ಮೊದಲೇ ಒಂದು ಮನೆಯೊಳಗೆ ತೋರಿಸಿತ್ತು.

ನೋಡಬೇಕಾದ ಎರಡನೆಯದು ಕಥೆಯ ಓಟ. 'ಕಾಂದೀದ್'ನ ಮೂವತ್ತು ಪುಟ್ಟ ಅಧ್ಯಾಯಗಳಲ್ಲಿ ಯುದ್ಧ, 1755ರ ಲಿಸ್ಬನ್ ಭೂಕಂಪ, ಧರ್ಮವಿಚಾರಣೆ ಒಂದರ ಬೆನ್ನಿಗೊಂದು ಬರುತ್ತವೆ; ಪಾತ್ರಗಳ ಮನದಾಳ ಹುಡುಕಹೊರಟರೆ ಸಿಗುವುದು ನಿರಾಸೆ. ಎಂಥ ಘೋರವನ್ನೂ ಹಗುರವಾಗಿ ಹೇಳಿ ಮುಂದೆ ಸಾಗುವುದು ವಾಲ್ಟೇರನ ಶೈಲಿ. ಆದರೂ ಸುರಿನಾಮಿನ ಪುಟದಲ್ಲಿ ನಿಲ್ಲಬೇಕು. ದಾರಿಬದಿಯಲ್ಲಿ ಬಿದ್ದಿರುವ ಗುಲಾಮನಿಗೆ ಎಡಗಾಲಿಲ್ಲ, ಬಲಗೈಯಿಲ್ಲ. ಗಾಣಕ್ಕೆ ಬೆರಳು ಸಿಕ್ಕರೆ ಕೈ ಕಡಿಯುತ್ತಾರೆ, ಓಡಿಹೋಗಲೆತ್ನಿಸಿದರೆ ಕಾಲು, ಎಂದು ಅವನು ಊರಿನ ಪದ್ಧತಿ ವಿವರಿಸುವವನಂತೆ ಹೇಳುತ್ತಾನೆ. ಯುರೋಪು ತಿನ್ನುವ ಸಕ್ಕರೆಯ ಬೆಲೆ ಅದೆಂದೂ ಸೇರಿಸುತ್ತಾನೆ. ಎಲ್ಲವೂ ಒಳಿತಿಗೇ ಎನ್ನುವ ತನ್ನ ಗುರು ಪ್ಯಾಂಗ್ಲಾಸನ ತತ್ವವನ್ನು ಕಥಾನಾಯಕ ಕಾಂದೀದ್ ಅಳುತ್ತ ಕೈಬಿಡುವುದು ಇಲ್ಲೇ.

ವಾಲ್ಟೇರನಂತೆ ಹೆಸರಿನ ವೇಷ ಒಲ್ಲದವನು ರೂಸೋ. 1762ರಲ್ಲಿ 'ಎಮಿಲ್' ಕೃತಿಗೆ ತನ್ನ ಹೆಸರನ್ನೇ ಹಾಕಿದ. ಪ್ಯಾರಿಸಿನ ನ್ಯಾಯಸಭೆ ಅವನ ಬಂಧನಕ್ಕೆ ಆಜ್ಞೆ ಹೊರಡಿಸಿತು.