ಕೊಳೆತ ಇಂಗ್ಲಿಷಿನಲ್ಲಿ ಒಂದು ಗಂಜಿಕೇಂದ್ರ

ಹೊಟ್ಟೆ ಉಬ್ಬಿದ, ಕೈಕಾಲು ಕಡ್ಡಿಯಾದ ಮಗುವಿನ ಚಿತ್ರ ನಾವೆಲ್ಲ ನೋಡಿದ್ದೇವೆ. ಜಗತ್ತಿನ ಪತ್ರಿಕೆಗಳು ಅಂಥ ಚಿತ್ರವನ್ನು ಮನೆಮನೆಗೆ ಮುಟ್ಟಿಸಿದ್ದು 1968ರಲ್ಲಿ, ನೈಜೀರಿಯಾದಿಂದ ಸಿಡಿದು ನಿಂತಿದ್ದ ಬಿಯಾಫ್ರಾದಿಂದ. ಮಗು ಕಾಣುತ್ತದೆ. ಮಗು ನಿಂತ ನೆಲ ಕಾಣುವುದಿಲ್ಲ. ಆ ನೆಲದೊಳಗೆ ಏನಿತ್ತು, ಅದಕ್ಕೆ ಯಾರ್ಯಾರು ಬಾಯಿ ಬಿಟ್ಟುಕೊಂಡು ನಿಂತಿದ್ದರು ಅನ್ನೋದು ಚಿತ್ರದ ಆಚೆ ಉಳಿಯಿತು. ಕೆನ್ ಸಾರೋ-ವಿವಾ ಬರೆದ ‘ಸೋಜಾಬಾಯ್’ (1985) ಕಾದಂಬರಿ ಓದುವಾಗ ನನಗೆ ಮತ್ತೆ ಮತ್ತೆ ಎದುರಾದದ್ದು ಆ ಮಗು. ಚಿತ್ರದೊಳಗಿದ್ದವರೇ ಬಾಯಿ ತೆರೆದು ಮಾತಾಡಿದರೆ ಹೇಗಿರುತ್ತದೋ, ಈ ಕಾದಂಬರಿ ಹಾಗಿದೆ.

ನೈಜರ್ ನದಿ ಕಡಲು ಸೇರುವ ಕಡೆ, ಒಲೋಯಿಬಿರಿ ಎಂಬಲ್ಲಿ, 1956ರಲ್ಲಿ ಎಣ್ಣೆ ಸಿಕ್ಕಿತು. ಎರಡು ವರ್ಷಕ್ಕೆ ಒಗೋನಿಗಳೆಂಬ ಸಣ್ಣ ಜನಾಂಗದ ಹೊಲದಲ್ಲೂ ಸಿಕ್ಕಿತು. 1966ರಲ್ಲಿ ಉತ್ತರದ ಊರುಗಳಲ್ಲಿ ಇಗ್ಬೋ ಜನರ ಕಗ್ಗೊಲೆಯಾಯಿತು. 1967ರ ಮೇ 30ರಂದು ಪೂರ್ವ ಪ್ರಾಂತ ತಾನು ಬಿಯಾಫ್ರಾ ದೇಶ ಅಂತ ಸಾರಿತು. ಎಣ್ಣೆಯ ರಾಯಧನ ಕಂಪನಿ ಯಾರಿಗೆ ಕಟ್ಟಬೇಕು ಅಂತ ಜಗ್ಗಾಟ ಶುರುವಾದದ್ದೂ ಆಗಲೇ. ಜುಲೈನಲ್ಲಿ ಯುದ್ಧ ಹತ್ತಿತು. ಆ ತಿಂಗಳೇ ಕೇಂದ್ರದ ಸೈನ್ಯ ಎಣ್ಣೆ ಸಾಗಿಸುವ ಬಾನಿ ಬಂದರನ್ನು ಹಿಡಿಯಿತು. ಎಣ್ಣೆಯೊಂದೇ ಕಾರಣ ಅಂದರೆ ಸುಳ್ಳಾಗುತ್ತದೆ. ಕೊಂದವರ ದ್ವೇಷಕ್ಕೆ ಎಣ್ಣೆ ಬೇಕಿರಲಿಲ್ಲ. ಆದರೆ ಎಣ್ಣೆಯಿಲ್ಲದಿದ್ದರೆ ಈ ಯುದ್ಧ ಇಷ್ಟು ಹಟದಿಂದ ನಡೀತಿರಲಿಲ್ಲ. ಕೇಂದ್ರ ಸರ್ಕಾರ ನೆಲ-ಕಡಲು ಎರಡೂ ಕಡೆಯಿಂದ ದಿಗ್ಬಂಧನ ಹಾಕಿತು. 1970ರ ಜನವರಿಗೆ ಎಲ್ಲ ಮುಗಿಯುವಾಗ ಗುಂಡಿಗಿಂತ ಹಸಿವಿಗೆ ಸತ್ತವರೇ ಹೆಚ್ಚು. ಒಬ್ಬರು 5 ಲಕ್ಷ ಅಂತಾರೆ, ಇನ್ನೊಬ್ಬರು 30 ಲಕ್ಷ. ಎಣ್ಣೆಯನ್ನು ಪೀಪಾಯಿ ಪೀಪಾಯಿಯಾಗಿ ಎಣಿಸಿದ ನಾಡಿನಲ್ಲಿ ಹೆಣದ ಲೆಕ್ಕ ಇಷ್ಟು ಸಡಿಲ!

ಚರ್ಚುಗಳು, ರೆಡ್ ಕ್ರಾಸ್‌ನವರು ರಾತ್ರಿಯ ಕತ್ತಲಲ್ಲಿ ಉಲಿ ಎಂಬಲ್ಲಿ ವಿಮಾನ ಇಳಿಸಿದರು. ಅದು ರಸ್ತೆಯನ್ನೇ ಅಗಲ ಮಾಡಿದ ಜಾಗ. ಹಾಲಿನ ಪುಡಿ ಇಳಿದ ಜಾಗದಲ್ಲೇ ಮದ್ದುಗುಂಡೂ ಇಳಿಯಿತು. ಹೀಗಾಗಿ ನೆರವು ಯುದ್ಧವನ್ನೇ ಉದ್ದ ಮಾಡಿತು ಅನ್ನುವ ವಾದ ಇವತ್ತಿಗೂ ಇದೆ. ಜೀವ ಒತ್ತೆಯಿಟ್ಟು ಆ ವಿಮಾನ ಓಡಿಸಿದವರನ್ನು ಇಲ್ಲಿ ಕೂತು ಆಡಿಕೊಳ್ಳುವ ಹಕ್ಕು ನನಗಿಲ್ಲ. ನನ್ನ ಪ್ರಶ್ನೆ ಬೇರೆ. ವಿಮಾನದಿಂದ ಇಳಿದ ಆ ಮೂಟೆ ಯಾರ ಕೈ ಸೇರಿತು?

‘ಸೋಜಾಬಾಯ್’ ಈ ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳುತ್ತದೆ. ಮೆನೆ ದುಕಾನಾ ಎಂಬ ಊರಿನವನು, ಲಾರಿಯಲ್ಲಿ ಡ್ರೈವರಿಕೆ ಕಲೀತಿರೋ ಹುಡುಗ. ಮಿಲಿಟರಿ ಬಟ್ಟೆ ಹಾಕಿದರೆ ಊರಲ್ಲಿ ಬೆಲೆ, ಹೆಂಡತಿ ಆಗ್ನೆಸ್ ಕಣ್ಣಲ್ಲೂ ಬೆಲೆ ಅಂದುಕೊಂಡು ಸೈನ್ಯಕ್ಕೆ ಸೇರುತ್ತಾನೆ. ಯಾರ ಮೇಲೆ ಯುದ್ಧ, ಯಾಕೆ ಯುದ್ಧ, ಅವನಿಗೆ ಕಡೇತನಕ ತಿಳಿಯುವುದಿಲ್ಲ. ಮ್ಯಾನ್‌ಮಸ್‌ವ್ಯಾಕ್ ಅಂತ ಒಬ್ಬನಿದ್ದಾನೆ, ಹೆಸರಿನ ಅರ್ಥವೇ ‘ಮನುಷ್ಯ ಉಣ್ಣಲೇಬೇಕು’. ಒಮ್ಮೆ ಹೆಂಡದಂಗಡಿಯಲ್ಲಿ, ಒಮ್ಮೆ ಶತ್ರುವಿನ ಬಟ್ಟೆಯಲ್ಲಿ, ಒಮ್ಮೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತ ಕಾಣಿಸಿಕೊಳ್ಳುತ್ತಾನೆ. ಕೊಲ್ಲುವುದೂ ಬದುಕಿಸುವುದೂ ಅವನಿಗೆ ಹೊಟ್ಟೆಪಾಡು.

ತಾಯಿಯನ್ನೂ ಹೆಂಡತಿಯನ್ನೂ ಹುಡುಕುತ್ತ ಮೆನೆ ನಿರಾಶ್ರಿತರ ಶಿಬಿರಕ್ಕೆ ಬರುತ್ತಾನೆ. ಅಲ್ಲಿ ಯಾರಿದ್ದಾರೆ? ಊರ ಮುಖಂಡ ಬಿರಾಬೀ, ಪಾದ್ರಿ ಬಾರಿಕಾ! ಊರಲ್ಲಿದ್ದಾಗ ಜನರನ್ನು ಹಿಂಡಿದವರೇ ಇಲ್ಲೂ ಯಜಮಾನರು. ಹೊರಗಿನಿಂದ ಬಂದ ಅನ್ನ ಇವರ ಕೈಯಲ್ಲೇ ಸೋರಿಹೋಗುತ್ತದೆ. ಇದನ್ನು ಕಂಡ ಮೆನೆಯನ್ನು ಸೈನಿಕರ ಕೈಗೆ ಒಪ್ಪಿಸುವವರೂ ಇವರೇ. ಊರು ಸುಟ್ಟುಹೋಗಿದೆ, ಊರಿನ ಪಟೇಲಿಕೆ ಮಾತ್ರ ಸುಡಲಿಲ್ಲ. ಗೆಳೆಯರೇ, ಬರದ ಕಾಲದ ಗಂಜಿಕೇಂದ್ರದಲ್ಲಿ ಸೌಟು ಯಾರ ಕೈಲಿರುತ್ತೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇದೆಲ್ಲ ಇಷ್ಟು ನೇರ ಕಾಣಲು ಭಾಷೆಯೇ ಕಾರಣ. ‘ಕೊಳೆತ ಇಂಗ್ಲಿಷಿನ ಕಾದಂಬರಿ’ ಅಂತ ಲೇಖಕನೇ ಕೆಳಗೆ ಬರೆದಿದ್ದಾನೆ. ಸಂತೆ-ಬಸ್‌ಸ್ಟ್ಯಾಂಡಿನ ಪಿಡ್ಜಿನ್, ಮುರುಕು ಇಂಗ್ಲಿಷು, ಅಲ್ಲಲ್ಲಿ ನೆಟ್ಟಗಿರುವ ಇಂಗ್ಲಿಷು ಎಲ್ಲ ಕಲೆಸಿದ ಮಾತು ಅದು. ‘ಮಾನವೀಯ ನೆರವು’ ಅನ್ನುವಂಥ ಇಸ್ತ್ರಿ ಮಾಡಿದ ಪದ ಮೆನೆಯ ಬಾಯಲ್ಲಿ ಬರುವುದಿಲ್ಲ. ಕಂಡದ್ದನ್ನು ಹೇಳುತ್ತಾನೆ ಅಷ್ಟೆ. ನಮ್ಮಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದದ್ದು ಇದಕ್ಕೆ ಒಂದೇ ವರ್ಷ ಮುಂಚೆ, 1984ರಲ್ಲಿ. ಅದನ್ನು ಕನ್ನಡಕ್ಕೆ ಅನುವಾದ ಮಾಡಿ ಅಂತ ನಕ್ಕವರಿದ್ದರು. ನಾನು ಪರೀಕ್ಷೆಯಲ್ಲಿ ಅವ್ವನ ಮಾತು ಬರೆದಾಗ ಕೆಂಪು ಶಾಯಿ ಗೀಟು ಬಿದ್ದಿತ್ತು. ಕೊಳೆತದ್ದು ಯಾವುದು ಅಂತ ತೀರ್ಮಾನಿಸೋರು ಯಾರು?

ಆದರೂ ನನಗೊಂದು ಜಗಳವಿದೆ. ಎಣ್ಣೆ ಎಲ್ಲಿ? ಸ್ವಾತಂತ್ರ್ಯ ಬಂದಾಗ ಗಣಿ-ಎಣ್ಣೆಯ ರಾಯಧನದ ಅರ್ಧ ಆಯಾ ಪ್ರಾಂತಕ್ಕೆ ಸಲ್ಲುತ್ತಿತ್ತು. ಕಾದಂಬರಿ ಬರುವ ಹೊತ್ತಿಗೆ ಅದು ನೂರಕ್ಕೆ ಒಂದೂವರೆಗೆ ಇಳಿದಿತ್ತು. ಕಾದಂಬರಿಯಲ್ಲಿ ಈ ಸಿಟ್ಟಿಗೆ ಜಾಗವಿಲ್ಲ. ಹತ್ತಿರದ ಬಿರಾಬೀ ಸಿಕ್ಕಿಬೀಳುತ್ತಾನೆ. ದೂರದ ಕಂಪನಿ, ದಿಗ್ಬಂಧನ ಹಾಕಿದ ರಾಜಧಾನಿ ಮಂಜಿನಲ್ಲಿ ತಪ್ಪಿಸಿಕೊಳ್ಳುತ್ತವೆ. ಮೆನೆಗೆ ತಿಳಿಯದು, ಸರಿ. ಲೇಖಕನಿಗೆ? ಸಾರೋ-ವಿವಾ ಯುದ್ಧಕಾಲದಲ್ಲಿ ಕೇಂದ್ರದ ಪರ ನಿಂತು ಬಾನಿಯ ಆಡಳಿತಾಧಿಕಾರಿಯಾಗಿದ್ದವನು. ಬಿಯಾಫ್ರಾದಲ್ಲಿ ಒಗೋನಿಗಳಂಥ ಸಣ್ಣವರಿಗೆ ಉಳಿಗಾಲವಿಲ್ಲ ಅನ್ನುವುದು ಅವನ ನಂಬಿಕೆ, ಅದರಲ್ಲಿ ನಿಜವಿದೆ. ಆದರೆ ಹಸಿವನ್ನೇ ಆಯುಧ ಮಾಡಿದ ಕಡೆಯಲ್ಲಿ ಅವನಿದ್ದ ಅನ್ನೋದೂ ನಿಜ. ಹುಡುಗನ ಅಜ್ಞಾನ ಲೇಖಕನಿಗೆ ಅನುಕೂಲವಾಗಿದೆ ಅಂತ ನನ್ನ ಗುಮಾನಿ.

ಬಿಟ್ಟದ್ದನ್ನು ಅವನು ಆಮೇಲೆ ಬೀದಿಯಲ್ಲಿ ಹೇಳಿದ. 1990ರಲ್ಲಿ ಒಗೋನಿ ಹಕ್ಕುಪತ್ರ. 1993ರ ಜನವರಿ 4ರಂದು ಲಕ್ಷಗಟ್ಟಲೆ ಜನರ ಮೆರವಣಿಗೆ. ಆ ವರ್ಷವೇ ಶೆಲ್ ಕಂಪನಿ ಒಗೋನಿ ನೆಲದಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿತು. 1994ರಲ್ಲಿ ನಾಲ್ವರು ಒಗೋನಿ ಮುಖಂಡರನ್ನು ಗುಂಪೊಂದು ಕೊಂದಿತು. ಆ ಆರೋಪ ಸಾರೋ-ವಿವಾನ ಮೇಲೆ ಹೊರಿಸಿ, ಮಿಲಿಟರಿ ಸರ್ಕಾರದ ವಿಶೇಷ ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆಸಿ, 1995ರ ನವೆಂಬರ್ 10ರಂದು ಇನ್ನೂ ಎಂಟು ಜನರ ಜೊತೆ ಗಲ್ಲಿಗೇರಿಸಿದರು. ಸತ್ತವರ ಮನೆಯವರು ಅಮೆರಿಕದಲ್ಲಿ ಹೂಡಿದ ದಾವೆಯಲ್ಲಿ 2009ರಲ್ಲಿ ಶೆಲ್ 1.55 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ತಪ್ಪು ಒಪ್ಪಲಿಲ್ಲ. ಇದು ‘ಮಾನವೀಯ’ ನಡೆ ಅಂದಿತು! 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು ಅಳೆದಾಗ ಒಂದು ಊರಿನ ಬಾವಿನೀರಿನಲ್ಲಿ ಬೆಂಜೀನ್ ವಿಷ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. 2025ರ ಜೂನ್‌ನಲ್ಲಿ ನೈಜೀರಿಯಾದ ಅಧ್ಯಕ್ಷರು ಒಂಬತ್ತೂ ಜನರಿಗೆ ‘ಕ್ಷಮೆ’ ನೀಡಿದರು. ತಪ್ಪು ಮಾಡಿದವರಿಗಲ್ಲವೇ ಕ್ಷಮೆ?

ಈ ಕಾದಂಬರಿಯ ಎರಡು ಪುಟ ನಮ್ಮೂರ ಮಾತಿಗೆ ತಂದು ನೋಡಿದೆ. ಶಿಬಿರದ ಭಾಗ. ‘ರಿಲೀಫ್’ ಅನ್ನೋದಕ್ಕೆ ಪದ ಸಿಗದೆ ಅವ್ವನಿಗೆ ಓದಿ ಕೇಳಿದೆ. ಅವಳು ರಾಗಿ ಕೇರುತ್ತಾ ಕೂತಿದ್ದಳು. ‘ಗಂಜಿ ಹುಯ್ಯೋದು ಅನ್ನು’ ಅಂದಳು. ಆಮೇಲೆ ಮೊರ ಕೆಳಗಿಟ್ಟು, ‘ಆ ಹುಡುಗನ ಹೊಲ ಏನಾಯ್ತು?’ ಅಂತ ಕೇಳಿದಳು.