ಲೆಕ್ಕಕ್ಕೆ ಸಿಕ್ಕದ ಗೊಬ್ಬರ: ಯೆರವಡಾದ ಹೊಳೆನೀರಿನ ಬೇಸಾಯ

ಪುಣೆಯ ಸಂಗಮದಲ್ಲಿ ಮುಳಾ, ಮುಠಾ ನದಿಗಳೆರಡೂ ಕೂಡಿ ಪೂರ್ವಾಭಿಮುಖವಾಗಿ ಹರಿದು ಯೆರವಡಾದ ದಂಡೆಯನ್ನು ಮುಟ್ಟುವ ಹೊತ್ತಿಗೆ, ಆ ಪ್ರವಾಹದಲ್ಲಿ ನದಿಯ ಪಾಲಿಗಿಂತ ನಗರದ ಬಚ್ಚಲಿನ ಪಾಲೇ ದೊಡ್ಡದಾಗಿರುತ್ತದೆ. ಪುರಜನರಿಗೆ ಕುಡಿಯುವ ನೀರನ್ನು ಒದಗಿಸಲೆಂದು 19ನೆಯ ಶತಮಾನದಲ್ಲಿ ಜಮ್ಶೇಟ್‌ಜಿ ಜೀಜೀಭಾಯಿಯವರ ದಾನದ್ರವ್ಯದ ನೆರವಿನಿಂದ ಇಲ್ಲಿ ಕಟ್ಟಿದ ಒಡ್ಡಿನ ಹಿಂದೆ ಈಗ ಬೇಸಗೆಯಲ್ಲಿ, ಮರಾಠಿಗರು ಜಲಪರ್ಣಿಯೆಂದು ಕರೆಯುವ ಕಳೆ ನೀರೇ ಕಾಣದಂತೆ ಹಬ್ಬಿರುತ್ತದೆ. ಹೊಳೆಯಲ್ಲಿ ಸಾರಜನಕವೂ ರಂಜಕವೂ ಮಿಗಿಲಾಗಿವೆಯೆಂಬುದಕ್ಕೆ ಆ ಕೊಬ್ಬಿದ ಹಸಿರೇ ಪ್ರಮಾಣ. ಈ ನೀರನ್ನೇ ಕೆಳಭಾಗದ ರೈತರು ಪಂಪಿನಿಂದಲೂ ಕಾಲುವೆಯಿಂದಲೂ ಪಡೆದು ತರಕಾರಿ ಬೆಳೆಯುತ್ತಾರೆ; ಮುಂಢವಾದಲ್ಲಿ ಅದನ್ನು ಎತ್ತಿ ಹಳೆಯ ಮುಠಾ ಕಾಲುವೆಗೆ ಬಿಡುವ ವ್ಯವಸ್ಥೆಯಿದೆ; ಇನ್ನೂ ಮುಂದೆ ಕೋರೆಗಾಂವ್ ಮೂಳದಿಂದ ಏತ ನೀರಾವರಿಯ ಮೂಲಕ ಅದು ಗುಡ್ಡವೇರಿ, ಅಂಜೂರಕ್ಕೆ ಹೆಸರಾದ ಪುರಂದರ ತಾಲ್ಲೂಕನ್ನು ಸೇರುತ್ತದೆ. ಈ ಬೇಸಾಯಪದ್ಧತಿಯನ್ನು ಕೆಲವರು ಹೊಲಸೆಂದು ತಳ್ಳಿಹಾಕುತ್ತಾರೆ, ಕೆಲವರು ಜಲಸಂರಕ್ಷಣೆಯೆಂದು ಕೊಂಡಾಡುತ್ತಾರೆ. ನನಗೆ ಎರಡು ಮಾತೂ ಅರೆಬೆಂದವೆಂದೇ ತೋರುತ್ತವೆ.

ಇದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ದಖ್ಖನಿನ ಎರೆಭೂಮಿ ಸುಣ್ಣದಲ್ಲಿ ಸಂಪನ್ನವಾದುದೇ ಹೊರತು ಸಾರಜನಕದಲ್ಲಿ ಬಡವೇ. ಊರುಣ್ಣುವ ಕಾಯಿಪಲ್ಲೆಯೊಡನೆ ಹೊಲವನ್ನು ಬಿಟ್ಟುಹೋದ ಸತ್ತ್ವವನ್ನು ಮರಳಿ ಹೊಲಕ್ಕೆ ಸಲ್ಲಿಸುವುದು ಕೃಷಿಯ ಮೂಲಧರ್ಮವೆಂದು ಹಿಂದಿನವರು ಬಲ್ಲವರಾಗಿದ್ದರು. ಪುಣೆಯಲ್ಲಿಯೇ ಮಲವನ್ನು ಬೂದಿಯೊಡನೆ ಬೆರಸಿ ಒಣಗಿಸಿದ ಗೊಬ್ಬರವನ್ನು ಕಬ್ಬಿನ ರೈತರು ಕೊಂಡೊಯ್ಯುತ್ತಿದ್ದ ಕಾಲವಿತ್ತು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು, ಊರ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಕಳಿಯಬಿಡುವ ವಿಧಾನವನ್ನು ರೂಪಿಸಿದರು. ಅದು ಇಂದಿಗೂ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧ. ಆದರೆ ಆ ಗುಂಡಿಗಳಿಗೆ ಮಲವನ್ನು ಹೊತ್ತು ತಂದವರು ಯಾರೆಂಬ ಪ್ರಶ್ನೆಯನ್ನು, ಯೆರವಡಾವನ್ನು ಕುರಿತು ಬರೆಯುವ ಯಾವನೊಬ್ಬನೂ ಬದಿಗಿರಿಸಲಾರನು. ಅಸ್ಪೃಶ್ಯರೆನಿಸಿಕೊಂಡವರ ಪ್ರಾತಿನಿಧ್ಯದ ಪ್ರಶ್ನೆಯಲ್ಲಿ 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಉಪವಾಸ ಕುಳಿತದ್ದೂ, ಅಂಬೇಡ್ಕರರು ಬಂದು 24ರಂದು ಒಪ್ಪಂದವಾದದ್ದೂ ಇಲ್ಲಿಯ ಸೆರೆಮನೆಯಲ್ಲಿ. ಮಣ್ಣಿನ ಫಲವತ್ತತೆಗಾಗಿ ಒಂದು ಜನಾಂಗದ ತಲೆಯ ಮೇಲೆ ಮಲದ ಬುಟ್ಟಿಯನ್ನು ಹೊರಿಸಿದ ವ್ಯವಸ್ಥೆಯನ್ನು ಎಷ್ಟೇ ಶಾಸ್ತ್ರೀಯವಾಗಿದ್ದರೂ ಸುಸ್ಥಿರವೆಂದು ಕರೆಯಲು ನನ್ನ ಮನಸ್ಸು ಒಡಂಬಡದು. ಈ ಒಂದು ದೃಷ್ಟಿಯಿಂದ ಕೊಳವೆಯ ಮೂಲಕ ಹರಿದು ಹೊಲವನ್ನು ಸೇರುವ ಸಾರವು ಮೇಲೆಂದೇ ಹೇಳಬೇಕು. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಿ ಕೊಲ್ಲುವ ಪಾತಕವು ಇನ್ನೂ ನಿಂತಿಲ್ಲವಾದ್ದರಿಂದ ಆ ಮೇಲ್ಮೆಯೂ ಅಪೂರ್ಣವೇ.

ಹಾಗಾದರೆ ದೋಷವೆಲ್ಲಿ? ತಿಪ್ಪೆಗೊಬ್ಬರಕ್ಕೆ ಗಾಡಿಯ ಲೆಕ್ಕವಿತ್ತು, ಎಕರೆಗೆ ಇಷ್ಟು ಗಾಡಿ ಎಂಬ ಮಿತಿಯಿತ್ತು. ಹೊಳೆಯಿಂದ ಬರುವ ಗೊಬ್ಬರಕ್ಕೆ ಗಾಡಿಯಿಲ್ಲ. ಲೀಟರಿಗೆ 30 ಮಿಲಿಗ್ರಾಂ ಸಾರಜನಕವಿರುವ ಕೊಳೆನೀರನ್ನು ಒಂದು ಬೆಳೆಯ ಅವಧಿಯಲ್ಲಿ ಹೆಕ್ಟೇರಿಗೆ 50 ಲಕ್ಷ ಲೀಟರಿನಂತೆ ಹಾಯಿಸಿದರೆ, ರೈತನಿಗೆ ತಿಳಿಯದಂತೆಯೇ 150 ಕಿಲೋ ಸಾರಜನಕವು ಮಣ್ಣಿಗೆ ಬಿದ್ದಂತಾಯಿತು. 45 ಕಿಲೋ ಚೀಲದ ಲೆಕ್ಕದಲ್ಲಿ ಅದು ಏಳು ಚೀಲ ಯೂರಿಯಾಕ್ಕಿಂತ ತುಸು ಹೆಚ್ಚು. ಎಲೆಕೋಸಿನಂಥ ಬೆಳೆಗೆ ಅಷ್ಟೇ ಸಾಕು. ಆದರೂ ಅಂಗಡಿಯ ಚೀಲ ತಪ್ಪುವುದಿಲ್ಲ. ಚೀಲವನ್ನಾದರೂ ಹೂ ಕಟ್ಟುವ ಹೊತ್ತಿಗೆ ನಿಲ್ಲಿಸಬಹುದು, ನೀರಿನ ಗೊಬ್ಬರವನ್ನು ನಿಲ್ಲಿಸಿದರೆ ಗಿಡವೇ ಬಾಡೀತು. ಆದ್ದರಿಂದ ಟೊಮೇಟೊ ಎಲೆಯಲ್ಲಿ ಸೊಕ್ಕಿ ಕಾಯಿಯಲ್ಲಿ ಹಿಂದುಳಿಯುತ್ತದೆ, ಮಿಕ್ಕ ನೈಟ್ರೇಟು ಬಾವಿಗೆ ಇಳಿಯುತ್ತದೆ.

ಉಪ್ಪಿನ ಲೆಕ್ಕವು ಇದಕ್ಕಿಂತ ಭಯಂಕರ. ಲೀಟರಿಗೆ ಅರ್ಧ ಗ್ರಾಂ ಲವಣವೆಂದು ಹಿಡಿದರೂ ಅದೇ ನೀರು ಹೆಕ್ಟೇರಿಗೆ ಎರಡೂವರೆ ಟನ್ ಲವಣವನ್ನು ಹೊತ್ತು ತರುತ್ತದೆ. ಅಂಟಾದ ಎರೆಮಣ್ಣು ನೀರನ್ನು ಬೇಗ ಬಸಿಯಬಿಡದು. ಬಸಿಗಾಲುವೆಯಿಲ್ಲದ ಹೊಲದಲ್ಲಿ ಬೋದಿನ ನೆತ್ತಿಯ ಮೇಲೆ ಮೊದಲು ಸುಣ್ಣ ಬಳಿದಂಥ ತೆಳುವಾದ ಬಿಳುಪು ಕಾಣಿಸಿಕೊಳ್ಳುತ್ತದೆ, ಬಳಿಕ ಮೊಳಕೆ ಅಲ್ಲಲ್ಲಿ ತಪ್ಪುತ್ತದೆ, ಕಡೆಗೆ ನೆಲವೇ ಸವಳಾಗುತ್ತದೆ. ಪುಣೆಯ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನರು ನೀರಾ ಕಾಲುವೆಯ ಸವಳು ಭೂಮಿಯನ್ನು ಕುರಿತು ಶತಮಾನದ ಹಿಂದೆಯೇ ಬರೆದಿದ್ದರು. ಅದು ಶುದ್ಧವಾದ ಕಾಲುವೆಯ ನೀರಿನ ಕಥೆ. ಇಲ್ಲಿಯಾದರೋ ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ನಡುವಿನಿಂದ ಬರುವ ಪವನಾ ನದಿಯೂ ಮುಳಾದಲ್ಲಿ ಬೆರೆತಿದೆ. ಮಲಮೂತ್ರವು ಮಣ್ಣಿನಲ್ಲಿ ಜೀರ್ಣವಾದೀತು. ಸೀಸ, ಕ್ಯಾಡ್ಮಿಯಂಗಳು ಆಗವು.

ಪರಿಹಾರಗಳು ಅಪರಿಚಿತವಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಈ ನೀರನ್ನು ವರ್ಜಿಸಿ ಹೂವಿಗೂ ಹಣ್ಣಿನ ಮರಕ್ಕೂ ಮೀಸಲಿಡುವುದು, ಮರಳುಸೋಸುಕವನ್ನಿಟ್ಟು ಹನಿ ನೀರಾವರಿಯಿಂದ ಬೇರಿಗೆ ಮಾತ್ರ ತಲುಪಿಸುವುದು, ಕೊಯ್ಲಿಗೆ ಮುಂಚೆ ಕೆಲವು ದಿನ ನೀರು ನಿಲ್ಲಿಸುವುದು, ಮಣ್ಣು ಪರೀಕ್ಷೆಯನ್ನು ನೋಡಿಕೊಂಡು ಯೂರಿಯಾವನ್ನು ಇಳಿಸುವುದು, ಮಳೆಗಾಲದಲ್ಲಿ ಸೆಣಬನ್ನು ಬೆಳೆದು ಮಗುಚುವುದು ಇವೆಲ್ಲ ರೈತನ ಕೈಯೊಳಗಿನ ಕೆಲಸಗಳೇ. ನೀರಿನ ಗುಣವನ್ನು ಅಳೆಯುವುದು ಮಾತ್ರ ಅವನ ಕೈಯೊಳಗಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೆ. ಸಿ. ವ್ಯಾಲಿ ಯೋಜನೆಯಲ್ಲಿ ನಾವು ಕನ್ನಡಿಗರು ಕಂಡದ್ದೂ ಇದನ್ನೇ: ದಿನಕ್ಕೆ ಎಷ್ಟು ದಶಲಕ್ಷ ಲೀಟರೆಂಬುದು ಎಲ್ಲರ ಬಾಯಲ್ಲಿದೆ, ಆ ಲೀಟರಿನೊಳಗೆ ಏನಿದೆಯೆಂಬುದು ನ್ಯಾಯಾಲಯದ ಮೆಟ್ಟಿಲೇರಿತು. ಮುಂಢವಾದ ಕಾಲುವೆಗೂ ಟಿಎಂಸಿಯ ಲೆಕ್ಕವುಂಟು. ಪ್ರತಿಯೊಂದು ತೂಬಿನ ಬಳಿಯಲ್ಲಿಯೂ ಆ ತಿಂಗಳ ನೀರಿನ ಸಾರಜನಕವೆಷ್ಟು, ಲವಣವೆಷ್ಟು, ಲೋಹವೆಷ್ಟು ಎಂಬುದನ್ನು ರೈತನು ಓದಬಲ್ಲ ಭಾಷೆಯಲ್ಲಿ ಬರೆಸಿ ಹಾಕುವವರೆಗೆ, ಇದನ್ನು ನಿರ್ವಹಣೆಯೆಂದು ಕರೆಯಲು ಸರಕಾರಕ್ಕೂ ನಗರಪಾಲಿಕೆಗೂ ಅಧಿಕಾರವಿಲ್ಲವೆಂದೇ ನನ್ನ ಅಭಿಪ್ರಾಯ.